ಸಂಕಟ ಹೇಳಿಕೊಳ್ಳಲು ಕನ್ನಡ ಬಲ್ಲವರು ಬೇಕು

ಮಾನ್ಯರೇ,

ಕಳೆದ ವರ್ಷ ಕೇರಳದ ಕಾಸರಗೋಡಿನ ನಮ್ಮೂರ ಯಕ್ಷಗಾನ ಬಯಲಾಟದಲ್ಲಿ ಧೀಂಗಿಣ (ಸುತ್ತು ಹಾರುವ ಕುಣಿತ) ಹಾಕುವಾಗ ನನ್ನ ತಮ್ಮ ಜಾರಿ ಬಿದ್ದ. ಪೆಟ್ಟಾಗಲಿಲ್ಲ, ಎದ್ದು ಪದ್ಯ ಮುಗಿಸಿದ. ಆದರೆ ಬಿದ್ದ ಆ ನಾಲ್ಕು ಸೆಕೆಂಡು ಯಾರದೋ ಮೊಬೈಲಿನಲ್ಲಿ ಸೇರಿಹೋಗಿತ್ತು. ಬೆಳಗಾಗುವಾಗ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ಅದೇ. ಮೂರನೇ ದಿನಕ್ಕೆ ಇನ್‌ಸ್ಟಾಗ್ರಾಮಿನಲ್ಲಿ ಅವನ ಮೈಬಣ್ಣ, ಮನೆಯವರ ಬಗ್ಗೆಯೂ ಬರೆಯತೊಡಗಿದರು. ಬರೆದವರಲ್ಲಿ ಅದೇ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಜೊತೆಗೆ ಬಣ್ಣ ಹಚ್ಚಿದವರೂ ಇದ್ದರು. ಅವನಿಗಾಗ 21 ವರ್ಷ.

ರಾತ್ರಿ ಎರಡು ಗಂಟೆಗೂ ಅವನ ಕೋಣೆಯಲ್ಲಿ ಮೊಬೈಲಿನ ಬೆಳಕು ಕಾಣುತ್ತಿತ್ತು. ಮೊಬೈಲ್ ಹುಚ್ಚು ಎಂದು ಅಪ್ಪ ಅದನ್ನು ಕಸಿದು ಕಪಾಟಿನಲ್ಲಿಟ್ಟರು. ನಾನೂ ಅಪ್ಪನ ಪರವೇ ಮಾತಾಡಿದ್ದೆ, ಆ ನೋವು ನನಗಿನ್ನೂ ಇದೆ. ತನ್ನ ಬಗ್ಗೆ ಇನ್ನೇನು ಬರೆದಿದ್ದಾರೋ ಎಂಬ ಹೆದರಿಕೆಗೆ ಅವನು ನೋಡುತ್ತಿದ್ದದ್ದು. ನೋಡಲಾಗದೆ ಹೋದಾಗ ಹೆದರಿಕೆ ಹೆಚ್ಚಿತು. ಊಟ ಬಿಟ್ಟ, ಕಾಲೇಜು ಬಿಟ್ಟ.

ಆಪ್ತಸಮಾಲೋಚಕರಲ್ಲಿಗೆ ಕರೆದೊಯ್ದೆವು. ಒಳ್ಳೆಯವರೇ, ಆದರೆ ಕನ್ನಡ ಬಾರದು. ಅಂಗಡಿ, ಬಸ್ಸಿಗೆ ಬೇಕಾದಷ್ಟು ಮಲಯಾಳ ತಮ್ಮನಿಗೂ ಬರುತ್ತದೆ. ಬದುಕೇ ಸಾಕೆನ್ನಿಸಿದೆ ಎಂದು ಹೇಳುವಷ್ಟು ಬರುವುದಿಲ್ಲ. ಅರ್ಧ ಗಂಟೆ ತಲೆಯಾಡಿಸಿ ಹೊರಗೆ ಬಂದ.

14416ರ ವಿಷಯ ಆಮೇಲೆ ತಿಳಿಯಿತು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಿದು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಅವನು ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಮಾತಾಡಿದ. ನಾವು ಚಾವಡಿಯಲ್ಲಿ ಕೂತಿದ್ದೆವು. ಆ ರಾತ್ರಿ ಗಂಜಿ ಕೇಳಿ ಉಂಡ.

ದೂರು ಕೊಡಲು ಮಾತ್ರ ಆಗಲಿಲ್ಲ. ಅವಮಾನದಿಂದ ಅವನೇ ಎಲ್ಲವನ್ನೂ ಅಳಿಸಿಹಾಕಿದ್ದ. ಬೇರೆ ಮನೆಯವರು ಹೀಗೆ ಮಾಡಬೇಡಿ. ಮೊದಲು ಸ್ಕ್ರೀನ್‌ಶಾಟ್, ಲಿಂಕ್, ತಾರೀಕು ತೆಗೆದಿಡಿ, ಮತ್ತೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಕೊಡಿ.

ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಕಾಲದಿಂದಲೂ ಇಲ್ಲಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಅರ್ಜಿ ಬರೆಯಬಹುದು. ಅರ್ಜಿಗಿರುವ ಈ ಅನುಕೂಲ ಮನಸ್ಸು ಕೆಟ್ಟು ಬಂದ ಹುಡುಗನಿಗೂ ಬೇಡವೇ? ಮಂಜೇಶ್ವರ, ಕಾಸರಗೋಡು ತಾಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ಆಪ್ತಸಮಾಲೋಚಕರನ್ನು ನೇಮಿಸಬೇಕು. ಅದಕ್ಕೆ ಸಮಯ ಹಿಡಿಯುವುದಾದರೆ 14416 ಎಂಬ ಸಂಖ್ಯೆಯನ್ನಾದರೂ ಕಾಲೇಜು, ಗ್ರಂಥಾಲಯ, ಬಸ್‌ನಿಲ್ದಾಣಗಳಲ್ಲಿ ಕನ್ನಡದಲ್ಲಿ ಬರೆಸಲಿ. ಪಂಚಾಯತಿನವರು ಈ ವಾರವೇ ಮಾಡಬಹುದಾದ ಕೆಲಸ ಅದು.

ತಮ್ಮ ಇನ್ನೂ ಗೆಜ್ಜೆ ಕಟ್ಟಿಲ್ಲ. ಆ ವಿಡಿಯೊ ನಿಮ್ಮ ಮೊಬೈಲಿನಲ್ಲಿದ್ದರೆ ದಯವಿಟ್ಟು ಅಳಿಸಿ.

– ನೊಂದ ಅಕ್ಕ, ಬದಿಯಡ್ಕ