ಉಳಿದವನು ಅವನೊಬ್ಬನೇ ಅಲ್ಲ

ಮಾನ್ಯರೇ,

ಬ್ರಿಟಿಷರ ಮೊದಲ ಆಫ್ಘನ್ ಯುದ್ಧದ ಬಗ್ಗೆ ಯಾರೇ ಬರೆದರೂ ಪಕ್ಕದಲ್ಲಿ ಆ ಚಿತ್ರ ಬಂದೇ ಬರುತ್ತದೆ. ಬಯಲಲ್ಲಿ ಒಂಟಿ ಕುದುರೆ, ಮೇಲೆ ಜೋತುಬಿದ್ದ ಸವಾರ. ಅದು 1879ರ 'ದಿ ರೆಮ್ನಂಟ್ಸ್ ಆಫ್ ಆನ್ ಆರ್ಮಿ' ಎಂಬ ವರ್ಣಚಿತ್ರ. ಸವಾರ ಬ್ರಿಟಿಷ್ ಸೈನ್ಯದ ಡಾಕ್ಟರ್ ವಿಲಿಯಂ ಬ್ರೈಡನ್. 1842ರ ಜನವರಿ 13ರಂದು ಜಲಾಲಾಬಾದ್ ಕೋಟೆಗೆ ಬಂದು ಮುಟ್ಟಿದವರು.

'ಬದುಕಿ ಉಳಿದ ಒಬ್ಬನೇ' ಎಂದು ಅಡಿಬರಹ ಹಾಕುವುದು ಮಾತ್ರ ತಪ್ಪು. ಆ ಸೈನ್ಯ ಹಿಮ್ಮೆಟ್ಟಿದಾಗ ಕಾಬೂಲ್ ಬಿಟ್ಟವರು, ಸೈನಿಕರೂ ಜೊತೆಗಿದ್ದವರೂ ಸೇರಿ, ಸುಮಾರು 16,000 ಮಂದಿ. ದಾರಿಯಲ್ಲಿ ಹೆಚ್ಚಿನವರು ಸತ್ತರು. ಸೈನಿಕರಲ್ಲಿ ಹೆಚ್ಚಿನವರು ಭಾರತದ ಸಿಪಾಯಿಗಳು. ಕೆಲವರು ಸೆರೆಯಾಗಿ ಆಮೇಲೆ ಬಿಡುಗಡೆಯಾದರು. ಕೆಲವು ಸಿಪಾಯಿಗಳೂ ಬದುಕಿದರು. ಅವರ ಚಿತ್ರ ಯಾರು ಬರೆದರು ಹೇಳಿ?

ಇನ್ನು ಚಿತ್ರ ಬರೆದವರ ಹೆಸರನ್ನೇ ಹಾಕುವುದಿಲ್ಲ. ಅವರು ಎಲಿಜಬೆತ್ ಥಾಂಪ್ಸನ್, ಮದುವೆಯ ನಂತರ ಲೇಡಿ ಬಟ್ಲರ್. ಯುದ್ಧವನ್ನು ಕಣ್ಣಾರೆ ಕಂಡವರೇ ಅಲ್ಲ. ಆದರೆ ಕುದುರೆಗಳನ್ನು ಬಲ್ಲವರು. ವಾಟರ್ಲೂ ಕದನದ ಚಿತ್ರಕ್ಕಾಗಿ, ತಾಲೀಮಿನಲ್ಲಿ ನುಗ್ಗಿ ಬರುವ ಅಶ್ವದಳದ ಎದುರಿಗೇ ನಿಂತು ನೋಡಿದ್ದರಂತೆ! ಬ್ರೈಡನ್ ಅವರ ಈ ಕುದುರೆಯನ್ನೇ ನೋಡಿ: ತಗ್ಗಿದ ಕತ್ತು, ಸೋತ ಕಾಲು. ಸವಾರನಿಗಿಂತ ಜಾಸ್ತಿ ಕಥೆ ಹೇಳುವುದು ಅದೇ ಅಲ್ವಾ? ಅದೇ 1879ರಲ್ಲಿ ಬ್ರಿಟನ್ನಿನ ಕಲಾವಿದರ ಸಂಸ್ಥೆಯಾದ ರಾಯಲ್ ಅಕಾಡೆಮಿಯ ಸಹ-ಸದಸ್ಯತ್ವ ಅವರಿಗೆ ಎರಡೇ ಮತಗಳಿಂದ ತಪ್ಪಿತು.

ಮುಂದಿನ ಸಲ ಚಿತ್ರದ ಕೆಳಗೆ ಅವರ ಹೆಸರೂ ಇರಲಿ.

– ಒಬ್ಬ ಓದುಗ, ಧಾರವಾಡ