ಕಿಂಡಿಯ ಹತ್ತಿರ ನೀನು ಕೇಳಿದ್ದು

ದಾವಣಗೆರೆ
ಸೋಮವಾರ ರಾತ್ರಿ

ಪುಟ್ಟೀ,

ಎಂ.ಎ. ಓದೋಕೆ ಹೊರಟ ನೀನು ಮೈಸೂರು ಮುಟ್ಟಿದ ಸುದ್ದಿ ಅಮ್ಮನ ಫೋನಿಗೆ ಬಂತು, ನನ್ನ ಫೋನಿಗೆ ಬರಲಿಲ್ಲ. ತಪ್ಪು ನಿನ್ನದಲ್ಲ. ಮಂಡಿಯಲ್ಲಿ ಲೆಕ್ಕ ಬಾಕಿ ಇದೆ ಅಂತ ನೆಪ ಹೇಳಿ ಸ್ಟೇಷನ್ನಿಗೆ ಬಾರದೆ ಕೂತವನು ನಾನು. ಅವತ್ತು ಬೆಳಿಗ್ಗೆ ಆಡಿದ ಮಾತುಗಳನ್ನು ಮತ್ತೆ ಬರೆಯೋದು ಬೇಡ.

ನನ್ನನ್ನು ಕೊರೆಯುತ್ತಿರೋದು ದುರ್ಗದ ಕೋಟೆಯ ವಿಷಯ. ನೀನಾಗ ಆರನೇ ಕ್ಲಾಸು. ಓಬವ್ವನ ಕಿಂಡಿ ಹತ್ತಿರ ನಿಂತು ನಾನು ಕಥೆ ಹೇಳುತ್ತಿದ್ದೆ. ಕಾವಲಿನ ಗಂಡ ಊಟಕ್ಕೆ ಬಂದಿದ್ದ, ಈಕೆ ನೀರಿಗೆ ಹೋದಳು, ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳೋದು ಕಂಡು ಒನಕೆ ಎತ್ತಿದಳು. ಸುತ್ತ ಜನ ಸೇರಿದ್ದರು, ನನಗೂ ಹುರುಪು. ನೀನು ಕೇಳಿದೆ: "ಅಪ್ಪಾಜಿ, ಸತ್ತವರಿಗೂ ಅವರ ಮನೇಲಿ ಯಾರಾದ್ರೂ ಊಟ ಇಟ್ಕೊಂಡು ಕಾಯ್ತಿದ್ರಾ?" ಯಾರೋ ನಕ್ಕರು. ಓಬವ್ವನಿಗೇ ಅವಮಾನ ಆದಂತೆ ಅನ್ನಿಸಿ ನಿನ್ನ ಕೆನ್ನೆಗೆ ಹೊಡೆದೆ.

ನೀನು ಅಳಲಿಲ್ಲ. ಬಂಡೆಗೆ ಹೆಗಲು ಒತ್ತಿ ನಿಂತೆ. ರಾತ್ರಿ ಅಮ್ಮ ಅಂಗಿ ನೆನೆಸುವಾಗ, "ಹೆಗಲ ಮೇಲೆ ಇದೆಂಥ ಮಣ್ಣೇ?" ಅಂದಳು. "ಬಂಡೆಗೆ ಒರಗಿದ್ದೆ" ಅಂದೆ ನೀನು. ಹೊಡೆದದ್ದನ್ನು ಹೇಳಲಿಲ್ಲ. ಪಕ್ಕದಲ್ಲೇ ಕೂತಿದ್ದ ನಾನೂ ಹೇಳಲಿಲ್ಲ. ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಮನೆಯಲ್ಲಿ ನಿನ್ನ ಪ್ರಶ್ನೆಗಳು ನಿಂತವು. ಮಗಳಿಗೆ ಬುದ್ಧಿ ಬಂತು ಅಂತ ನಾನು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದೆ.

ಇಪ್ಪತ್ತಾರು ವರ್ಷದಿಂದ ಮೆಕ್ಕೆಜೋಳದ ಚೀಲಕ್ಕೆ ಕೈ ಹಾಕುತ್ತಿದ್ದೇನೆ. ಮೇಲಿನ ಕಾಳನ್ನು ನಂಬೋದಿಲ್ಲ. ಮೊಳಕೈ ಮುಳುಗೋವರೆಗೆ ಇಳಿಸಿ, ಒಳಗಿನದೊಂದು ಹಿಡಿ ತೆಗೆದು, ಒಂದು ಕಾಳು ಹಲ್ಲಲ್ಲಿ ಕಡಿಯುತ್ತೇನೆ. ಕಟ್ ಅಂದರೆ ಸರಿ. ಮೆತ್ತಗೆ ಸಿಕ್ಕರೆ ತೇವ ಶೇ. 14 ದಾಟಿದೆ ಅಂತ ಅನುಮಾನ, ಆಮೇಲೆ ಮೀಟರಿಗೆ ಹಾಕೋದು. ನಾನು ಚೀಲಕ್ಕೆ ಮಾಡೋದನ್ನು ನೀನು ಕಥೆಗೆ ಮಾಡಿದೆ, ಅಷ್ಟೇ. ಅದು ಹೊಳೆಯೋಕೆ ಇಷ್ಟು ವರ್ಷ ಹಿಡಿಯಿತು.

ನೀನು ಬಿಟ್ಟುಹೋದ ಪುಸ್ತಕ ಓದುತ್ತಿದ್ದೇನೆ. ಕ್ರಿ.ಪೂ. 399ರಲ್ಲಿ ಅಥೆನ್ಸಿನವರು ಸಾಕ್ರೆಟಿಸನಿಗೆ ವಿಷ ಕುಡಿಸಿದ ಪುಟದಲ್ಲಿ ನಿಂತಿದ್ದೇನೆ, ಮುಂದೆ ಹೋಗಲಾಗುತ್ತಿಲ್ಲ. ಹುಡುಗರನ್ನು ಕೆಡಿಸಿದ ಅಂತ ಆರೋಪವಂತೆ. ಪ್ರಶ್ನೆ ಕೇಳೋ ಹೆಣ್ಣುಮಗಳನ್ನು ಹೆತ್ತಪ್ಪನೇ ಸಹಿಸಲಿಲ್ಲ, ಇನ್ನು ಊರು ಸಹಿಸುತ್ತದೆಯೇ? ಅದಕ್ಕೇ ಹೇಳುತ್ತೇನೆ, ಎದುರಿನವರ ಮಾತು ಪೂರ್ತಿ ಕೇಳಿಸಿಕೋ. ದನಿ ಏರಿಸಬೇಡ. ಕಾಲೇಜಲ್ಲಿ ಪಾಠ ಮಾಡೋಕೆ ಅರ್ಹತೆ ಕೊಡೋ ನೆಟ್ ಪರೀಕ್ಷೆಗೆ ಮೊದಲ ವರ್ಷದಿಂದಲೇ ಓದು. ಕಂಪ್ಯೂಟರ್ ಕಲಿಯೋದು ಬಿಡಬೇಡ. ಕತ್ತಲಾದ ಮೇಲೆ ಮಾನಸಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಒಬ್ಬಳೇ ಓಡಾಡಬೇಡ. ಬೆಳಿಗ್ಗೆ ತಿಂಡಿ ಬಿಡಬೇಡ. ಇನ್ನೂ ಬರೆದರೆ ಕಾಗದ ಮಡಚಿಡುತ್ತೀಯ.

ಮಂಡಿಯಲ್ಲಿ ಹಮಾಲರಿಂದ ಹಿಡಿದು ಸಾಹುಕಾರರವರೆಗೆ ಎಲ್ಲರಿಗೂ ಹೇಳಿದ್ದೇನೆ, ನನ್ನ ಮಗಳು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದಾಳೆ ಅಂತ. ರಾಧಾಕೃಷ್ಣನ್ ಅವರು ಮೈಸೂರಲ್ಲಿ ಇದನ್ನೇ ಪಾಠ ಮಾಡುತ್ತಿದ್ದರು, 1921ರಲ್ಲಿ ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳೇ ಸಾರೋಟು ಎಳೆದು ಸ್ಟೇಷನ್ನಿಗೆ ಮುಟ್ಟಿಸಿದರು ಅಂತಲೂ ಹೇಳಿದೆ. ಹೇಳುವಾಗಲೇ ಗಂಟಲು ಕಟ್ಟಿತು. ನಿನ್ನ ಒಂದು ಬ್ಯಾಗು ಹಿಡಿಯೋಕೂ ನಾನು ಬರಲಿಲ್ಲವಲ್ಲ.

ನಚಿಕೇತನ ಕಥೆ ಪ್ರವಚನದಲ್ಲಿ ಕೇಳಿದ್ದೆ. ಹಾಲು ಬತ್ತಿದ ಹಸುಗಳನ್ನು ಅಪ್ಪ ದಾನ ಕೊಡೋದು ಕಂಡು, "ನನ್ನನ್ನು ಯಾರಿಗೆ ಕೊಡ್ತೀಯ?" ಅಂತ ಮೂರು ಸಲ ಕೇಳಿದ. ಅಪ್ಪ ಸಿಟ್ಟಲ್ಲಿ "ಯಮನಿಗೆ" ಅಂದುಬಿಟ್ಟ. ಹುಡುಗ ಯಮನ ಮನೆಯಲ್ಲಿ ಮೂರು ರಾತ್ರಿ ಉಪವಾಸ ಇದ್ದ. ಯಮ ವರ ಕೊಟ್ಟಾಗ ಮೊದಲು ಕೇಳಿದ್ದು, ಅಪ್ಪನ ಸಿಟ್ಟು ಇಳಿಯಲಿ, ನಾನು ಮರಳಿದಾಗ ಗುರುತು ಹಿಡಿದು ಮಾತಾಡಿಸಲಿ ಅಂತ.

ನೀನು ಯಾರ ಹತ್ತಿರವೂ ಆ ವರ ಕೇಳಬೇಕಾಗಿಲ್ಲ ಪುಟ್ಟೀ. ನನ್ನ ಸಿಟ್ಟು ಅವತ್ತೇ, ರೈಲು ಹೊರಡೋ ಹೊತ್ತಿಗೇ ಇಳಿದಿತ್ತು.

ರೊಟ್ಟಿ, ಶೇಂಗಾ ಚಟ್ನಿಪುಡಿ ಕಳಿಸುತ್ತಿದ್ದೇವೆ, ಪಕ್ಕದ ರೂಮಿನವರಿಗೂ ಕೊಡು. ಕಿಂಡಿಯ ಹತ್ತಿರ ಕೇಳಿದ ಆ ಪ್ರಶ್ನೆಯನ್ನು ಅಲ್ಲಿ ನಿಮ್ಮ ಮೇಷ್ಟ್ರನ್ನು ಕೇಳು. ಅವರು ಏನಂದರು, ನಿನಗೇನು ಅನ್ನಿಸಿತು, ಎರಡನ್ನೂ ಬರೆ. ಫೋನಲ್ಲಿ ಬೇಡ, ಕಾಗದದಲ್ಲಿ ಬರೆ. ನಿಧಾನವಾಗಿ ಓದಬೇಕು.

ನಿನ್ನ
ಅಪ್ಪಾಜಿ