ನನ್ನ ಮಗನ ಕೈಗೆ ಬೇಕಾದದ್ದು ಆಪರೇಷನ್ನೂ ಅಲ್ಲ, ನೌಕರಿಯೂ ಅಲ್ಲ

ಸಂಪಾದಕರಿಗೆ ನಮಸ್ಕಾರ.

ನಾನು ಇಳಕಲ್‌ನಲ್ಲಿ ಬಟ್ಟೆ ಹೊಲಿಯುವವಳು. ಪಡಸಾಲೆಯಲ್ಲೇ ಮಷಿನ್ ಹಾಕಿಕೊಂಡಿದ್ದೇನೆ. ಜಂಪರ್, ಲಂಗ, ಜೂನ್ ಬಂತೆಂದರೆ ಶಾಲೆಯ ಯೂನಿಫಾರ್ಮ್. ಆಗ ರಾತ್ರಿ ಹನ್ನೊಂದಾದರೂ ಕಾಜ ಮಾಡುವುದು, ಗುಂಡಿ ಹಚ್ಚುವುದು ಮುಗಿಯುವುದಿಲ್ಲ. ನಮ್ಮ ಓಣಿಯ ಅರ್ಧ ಮಕ್ಕಳ ಅಂಗಿಗೆ ಗುಂಡಿ ಹಚ್ಚಿದವಳು ನಾನೇ. ಆದರೆ ನನ್ನ ಮಗನಿಗೆ ಎಂಟು ವರ್ಷವಾದರೂ ಒಂದು ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಇಂಥ ಮಕ್ಕಳಿಗೆ ದಿನದ ಕೆಲಸ ಕಲಿಸುವವರು ನಮ್ಮ ಕಡೆ ಸಿಗುವುದಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿ ಹಾಕಬೇಡಿ. ಕತ್ತರಿ ಹಾಕುವ ಕೆಲಸ ನನ್ನದು.

ಅವನು ಏಳು ತಿಂಗಳಿಗೇ ಹುಟ್ಟಿದ. ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿ ಬಂದ. ವರ್ಷ ತುಂಬುವ ಹೊತ್ತಿಗೆ ಎಡಗೈ, ಎಡಗಾಲು ಬಿಗಿಯಾಗಿರುವುದು ಗೊತ್ತಾಯಿತು. ಸೆರೆಬ್ರಲ್ ಪಾಲ್ಸಿ ಅಂದರು, ಅಂದರೆ ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದ ತೊಂದರೆ. ಬುದ್ಧಿಗೆ ಏನೂ ಆಗಿಲ್ಲ, ಮಾತು ನನಗಿಂತ ಜಾಸ್ತಿ. ಫಿಜಿಯೋಥೆರಪಿ ಮಾಡಿಸಿದೆವು, ಮೂರು ವರ್ಷಕ್ಕೆ ನಡೆದ. ಮನೆಯವರೆಲ್ಲ ಹಿಗ್ಗಿದರು, ಗುಡಿಗೆ ಕಾಯಿ ಒಡೆಸಿದರು. ನಡೆದನಲ್ಲ, ಇನ್ನೇನು ಬೇಕು ಅಂದರು. ಕೈ ಹಾಗೇ ಉಳಿಯಿತು. ಎದೆಗೆ ಹತ್ತಿಕೊಂಡ ಮುಷ್ಟಿ, ಅದರೊಳಗೆ ಸಿಕ್ಕಿಕೊಂಡ ಹೆಬ್ಬೆರಳು. ಬಲಗೈ ಇದೆಯಲ್ಲ ಅಂತ ನಾವೂ ಸುಮ್ಮನಾದೆವು. ಅದು ನಮ್ಮದೇ ತಪ್ಪು.

ಒಂದು ಕೈಯಲ್ಲಿ ಎಲ್ಲ ಆಗುವುದಿಲ್ಲ ಅಂತ ಗೊತ್ತಾದದ್ದು ಶಾಲೆಗೆ ಹಾಕಿದ ಮೇಲೆ. ಬಲಗೈಯಲ್ಲಿ ಬರೆಯುತ್ತಿದ್ದ, ಆದರೆ ಪುಸ್ತಕ ಹಿಡಿದುಕೊಳ್ಳಲು ಎಡಗೈ ಬೇಕಲ್ವಾ? ಪುಸ್ತಕ ಜಾರುತ್ತಿತ್ತು, ಸಾಲು ಮೇಲೆ ಕೆಳಗೆ ಆಗುತ್ತಿತ್ತು. ಬೆಂಚು ಎತ್ತರ, ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ, ಮೈಯೆಲ್ಲ ವಾಲುತ್ತಿತ್ತು. ಬೇರೆ ಮಕ್ಕಳು ಹತ್ತು ಸಾಲು ಬರೆದರೆ ಇವನದು ಮೂರು. ಶಾಲೆಯಲ್ಲಿ ಅವನಿಗೆ ಇಟ್ಟ ಹೆಸರು ಸೋಮಾರಿ. ಒಂದಕ್ಕೆ ಹೋದರೆ ಚಡ್ಡಿಯ ಹುಕ್ಕು ತೆಗೆಯಲು ಬರುವುದಿಲ್ಲ ಅಂತ ಮನೆಗೆ ಬರುವವರೆಗೂ ತಡೆದುಕೊಳ್ಳುತ್ತಿದ್ದ. ನೀರು ಕುಡಿಯುವುದನ್ನೇ ಬಿಟ್ಟಿದ್ದ. ಇದು ನನಗೆ ಗೊತ್ತಾಗಲು ಒಂದು ವರ್ಷ ಬೇಕಾಯಿತು. ದರ್ಜಿ ಕೆಲಸದವಳಿಗೆ!

ಆಮೇಲೆ ಒಬ್ಬ ಡಾಕ್ಟರು ಚೀಟಿ ಬರೆದುಕೊಟ್ಟರು, ಇವನಿಗೆ ಆಕ್ಯುಪೇಶನಲ್ ಥೆರಪಿ ಬೇಕು ಅಂತ. ಚುಟುಕಾಗಿ ಓಟಿ ಅನ್ನುತ್ತಾರೆ. ಅದನ್ನು ಹಿಡಿದುಕೊಂಡು ಒಂದು ಆಸ್ಪತ್ರೆಗೆ ಹೋಗಿ ಓಟಿ ಎಲ್ಲಿದೆ ಎಂದು ಕೇಳಿದೆ. ಎರಡನೇ ಮಹಡಿ ಅಂದರು. ಹತ್ತಿ ಹೋದರೆ ಆಪರೇಷನ್ ಥಿಯೇಟರ್, ಅದಕ್ಕೂ ಓಟಿ ಅನ್ನುತ್ತಾರಂತೆ! ಅಲ್ಲಿದ್ದ ನರ್ಸು, ಯಾರಿಗ್ರೀ ಆಪರೇಷನ್, ಪೇಷಂಟ್ ಉಪವಾಸ ಇದ್ದಾರೇನು ಅಂತ ಕೇಳಿದರು. ಮಗ ಅಳಲು ಶುರು ಮಾಡಿದ. ಇನ್ನೊಂದು ಕಚೇರಿಯಲ್ಲಿ ಅರ್ಜಿಗೆ ಕನ್ನಡದಲ್ಲಿ 'ಔದ್ಯೋಗಿಕ ಚಿಕಿತ್ಸೆ' ಅಂತ ಬರೆಸಿಕೊಂಡು ಹೋಗಿದ್ದೆ. ಅಲ್ಲಿನವರು ಓದಿ, "ಅಕ್ಕಾರ, ಉದ್ಯೋಗಕ್ಕ ಈ ಕಚೇರಿ ಅಲ್ರಿ. ಅಷ್ಟಕ್ಕೂ ಹುಡುಗ ಇನ್ನೂ ಸಣ್ಣಾಂವ ಅದಾನಲ್ರಿ" ಅಂದರು. ಅವರನ್ನು ಬೈದು ಪ್ರಯೋಜನವಿಲ್ಲ. ಆ ಹೆಸರಿಟ್ಟವರು ಯಾರೋ, ಅವರನ್ನು ಕೇಳಬೇಕು. ಇಲ್ಲಿ ಉದ್ಯೋಗ ಅಂದರೆ ನೌಕರಿಯಲ್ಲ, ದಿನ ಬೆಳಗಾದರೆ ಮನುಷ್ಯ ಮಾಡುವ ಕೆಲಸ. ಮಗುವಿಗೆ ಏನು ಕೆಲಸ? ಆಡುವುದು, ಉಣ್ಣುವುದು, ಹಲ್ಲು ಉಜ್ಜುವುದು, ಅಂಗಿ ತೊಡುವುದು, ಬರೆಯುವುದು. ಅದನ್ನು ಆ ಮಗುವಿನ ಕೈಗೆ, ಮೈಗೆ ಆಗುವ ಹಾಗೆ ಕಲಿಸುವುದೇ ಈ ವಿದ್ಯೆ. 'ದಿನದ ಕೆಲಸ ಕಲಿಸುವ ಚಿಕಿತ್ಸೆ' ಅಂತ ಬೋರ್ಡು ಬರೆದರೆ ನಮ್ಮಂಥವರಿಗೆ ತಿಳಿಯುತ್ತಿತ್ತು.

ಕೊನೆಗೆ ಸಿಕ್ಕದ್ದು ಹುಬ್ಬಳ್ಳಿಯಲ್ಲಿ, ಖಾಸಗಿಯಾಗಿ. ಒಂದು ಸಲಕ್ಕೆ 500 ರೂಪಾಯಿ. ಮೊದಲ ದಿನ ಆ ಥೆರಪಿಸ್ಟ್ ಮೇಡಂ ಯಾವ ಮಷಿನ್ನಿಗೂ ಹಚ್ಚಲಿಲ್ಲ. ಮನೆಯಲ್ಲಿ ಏನು ಉಣ್ಣುತ್ತಾನೆ, ಹೇಗೆ ಕೂರುತ್ತಾನೆ, ಯಾವುದನ್ನು ತಾನೇ ಮಾಡಬೇಕು ಅಂತ ಅವನಿಗೆ ಆಸೆ ಇದೆ, ಇದನ್ನೇ ಅರ್ಧ ತಾಸು ಕೇಳಿದರು. ಅವನು ಹೇಳಿದ್ದು, "ರೊಟ್ಟಿ ನಾನೇ ಮುರೀಬೇಕು". ಅವ್ವ ಚೂರು ಮಾಡಿ ಹಾಕುತ್ತಾಳೆ, ತಂಗಿ ನಗುತ್ತಾಳೆ ಅಂತ. ಸ್ಪೂನ್ ಹಿಡಿಯುವುದನ್ನು ಕಲಿಸಲು ಹೊರಟಿದ್ದ ಮೇಡಂ ಪುಸ್ತಕ ಮುಚ್ಚಿಟ್ಟು, ಮುಂದಿನ ಸಲ ರೊಟ್ಟಿ ಕಟ್ಟಿಕೊಂಡು ಬನ್ನಿ ಅಂದರು.

ಮುಂದಿನದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾನೂ ಮೊದಲು ಇದೆಲ್ಲ ಮಕ್ಕಳಾಟ ಅಂದುಕೊಂಡಿದ್ದೆ. ಬಿಸಿ ರೊಟ್ಟಿ ಮೆತ್ತಗಿರುತ್ತದೆ, ಅದೇ ಸುಲಭ ಅಂತ ನನ್ನ ಲೆಕ್ಕ. ಅಲ್ಲವಂತೆ. ಬಿಸಿ ರೊಟ್ಟಿ ಹರಿಯಬೇಕಾದರೆ ಒಂದು ಕೈ ಗಟ್ಟಿಯಾಗಿ ಹಿಡಿದಿರಬೇಕು, ಇನ್ನೊಂದು ಎಳೆಯಬೇಕು. ಕಡಕ್ ರೊಟ್ಟಿಗೆ ಎರಡೂ ಕಡೆ ಸುಮ್ನೆ ಹಿಡಿದು ಸ್ವಲ್ಪ ಬಗ್ಗಿಸಿದರೆ ಸಾಕು, ಟಪ್ ಅಂತ ಮುರಿಯುತ್ತದೆ. ಆ ಸದ್ದು ಮಗುವಿಗೆ ಖುಷಿ ಕೊಡುತ್ತದೆ. ಹಾಗಾಗಿ ಮೊದಲು ಕಡಕ್ ರೊಟ್ಟಿ. ಎಡಗೈ ಮುಷ್ಟಿಯನ್ನು ಮಣಿಕಟ್ಟಿನ ಕಡೆಯಿಂದ ನಿಧಾನವಾಗಿ ಸಡಿಲ ಮಾಡಿ, ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಗೆ ತಂದು, ರೊಟ್ಟಿಯ ಅಂಚು ಇಡಿಸಿದರು. ತುದಿ ಹಿಡಿದು ಎಳೆದರೆ ಇನ್ನೂ ಬಿಗಿಯಾಗುತ್ತದೆ ಅಂತ ನನಗೂ ತೋರಿಸಿದರು. ಎಂಟು ವರ್ಷ ನಾನು ತುದಿ ಹಿಡಿದೇ ಎಳೆಯುತ್ತಿದ್ದೆ. ಮೊದಲ ದಿನ ಹದಿನಾಲ್ಕು ರೊಟ್ಟಿ ಪುಡಿಯಾಯಿತು. ಮನೆಗೆ ಬಂದು ಅದನ್ನೇ ಮಜ್ಜಿಗೆಗೆ ಹಾಕಿಕೊಂಡು ತಿಂದೆವು.

ಗುಂಡಿಯ ಪಾಠ ಇನ್ನೂ ಚೆನ್ನಾಗಿತ್ತು. ನಾವು ಕಲಿಸುವಾಗ ಮೊದಲಿನಿಂದ ಶುರು ಮಾಡುತ್ತೇವೆ. ಅವರು ಕೊನೆಯಿಂದ. ಗುಂಡಿ ಕಾಜದೊಳಗೆ ಮುಕ್ಕಾಲು ತೂರಿಸುವುದು ನಾನು, ಕೊನೆಗೆ ಚೂರು ಎಳೆಯುವುದು ಅವನು. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ, ಆಮೇಲೆ ಅದರ ಹಿಂದಿನದು. ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ನಾನು ಕೋಟಿನ ದೊಡ್ಡ ಗುಂಡಿ ಹಚ್ಚಿ, ಕಾಜ ಸಡಿಲ ಮಾಡಿ ಒಂದು ಅಂಗಿ ಹೊಲಿದೆ. ತಿಂಗಳಿಗೊಮ್ಮೆ ಗುಂಡಿಯ ಸೈಜ್ ಇಳಿಸಿದೆ. ಶಾಲೆಯ ಚಡ್ಡಿಗೆ ಹುಕ್ಕು ಕಿತ್ತು ಹಾಕಿ ಇಲಾಸ್ಟಿಕ್ ಹಾಕಿದೆ. ಈಗ ನೀರು ಕುಡಿಯುತ್ತಾನೆ.

ಒಳ್ಳೆಯ ಕೈಗೆ ದಿನಕ್ಕೆ ಸ್ವಲ್ಪ ಹೊತ್ತು ಚೀಲದ ಹಾಗೆ ಒಂದು ಗವಸು ಹಾಕಿ, ಸೋತ ಕೈಯಿಂದಲೇ ಆಡಿಸುವ ಕ್ರಮವೂ ಇದೆ. ಗವಸು ನಾನೇ ಹೊಲಿದೆ, ಮೇಲೆ ಹುಲಿ ಮುಖ ಬಿಡಿಸಿ. ಆದರೆ ಯಾರೂ ಇದನ್ನು ಓದಿ ಮನೆಯಲ್ಲಿ ತಾವೇ ಶುರು ಮಾಡಬೇಡಿ. ಎಷ್ಟು ಹೊತ್ತು, ಯಾವ ಮಗುವಿಗೆ ಅನ್ನುವುದನ್ನು ಕಲಿತವರೇ ಹೇಳಬೇಕು. ಅವ್ವ ಕಟ್ಟಿಹಾಕಿದಳು ಅಂತ ಮಗುವಿಗೆ ಅನಿಸಿದರೆ ಎಲ್ಲ ಕೆಟ್ಟಿತು. ನಮ್ಮತ್ತೆಯ ಮಗ್ಗ ಈಗಲೂ ಇದೆ. ಕಂಡಿಕೆ ಸುತ್ತುವಾಗ ನೂಲಿನ ಲಡಿ ಹಿಡಿಯುವ ಕೆಲಸ ಅವನಿಗೆ ಕೊಟ್ಟಿದ್ದೇವೆ, ಎಡಗೈಗೆ. ಇದನ್ನು ಕೇಳಿ ಮೇಡಂ, ನಿಮ್ಮ ಮನೆಯಲ್ಲಿ ನನ್ನ ಸೆಂಟರಿಗಿಂತ ಹೆಚ್ಚು ಸಾಮಾನಿದೆ ಅಂದರು.

ಈಗ ತಕರಾರು. ಹುಬ್ಬಳ್ಳಿಗೆ ಬಸ್ಸಿನಲ್ಲಿ ಮೂರೂವರೆ, ನಾಲ್ಕು ತಾಸು, ಬರಲು ಅಷ್ಟೇ. 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ಇಲ್ಲ, ಅದಕ್ಕೇ ಇಷ್ಟು ಸಲ ಹೋಗಲು ಆಯಿತು, ಅದನ್ನು ಮರೆಯುವುದಿಲ್ಲ. ಆದರೆ ಮಗನ ಅಂಗವಿಕಲರ ಪಾಸು ನಡೆಯುವುದು 100 ಕಿಲೋಮೀಟರ್‌ವರೆಗೆ. ಹುಬ್ಬಳ್ಳಿ ಅದರಾಚೆ. ತಾಯಿಗೆ ಟಿಕೆಟ್ ಇಲ್ಲ, ಚಿಕಿತ್ಸೆಗೆ ಹೊರಟ ಮಗುವಿಗೆ ಟಿಕೆಟ್! ಹೋದ ದಿನ ಹೊಲಿಗೆ ಇಲ್ಲ, ಅವನಿಗೆ ಶಾಲೆ ಇಲ್ಲ. ವಾರಕ್ಕೆ ಎರಡು ಸಲ ಬರಬೇಕು ಅಂದವರು ನಮ್ಮ ಮುಖ ನೋಡಿ ತಿಂಗಳಿಗೆ ಎರಡು ಅಂದರು.

ಸರ್ಕಾರದಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಹುಟ್ಟಿದ ಮಗುವಿನಿಂದ 18 ವರ್ಷದವರವರೆಗೆ ತಪಾಸಣೆ ಮಾಡಬೇಕು, ಬೆಳವಣಿಗೆ ಹಿಂದೆ ಬಿದ್ದ ಮಕ್ಕಳನ್ನು ತೊಂದರೆಯನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು ಅಂತ ಅದರಲ್ಲಿದೆ. ಸಮಗ್ರ ಶಿಕ್ಷಣ ಯೋಜನೆಯಡಿ ತಾಲೂಕಿಗೊಂದು ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ ಇದೆ, ಇಂಥ ಮಕ್ಕಳಿಗೆಂದೇ ಬಿಐಇಆರ್‌ಟಿ ಶಿಕ್ಷಕರಿದ್ದಾರೆ, ಶಾಲೆಗೆ ಬರಲಾಗದವರ ಮನೆಗೇ ಹೋಗಿ ಕಲಿಸುವ ಪದ್ಧತಿಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆ ಸೇರಿದೆ, ಶಾಲೆ ಮಗುವಿಗೆ ತಕ್ಕಂತೆ ಅನುಕೂಲ ಮಾಡಿಕೊಡಬೇಕು ಅಂತಲೂ ಇದೆ. ಎಲ್ಲ ಇದೆ. ನಾನು ಹೋಗಿ ಕೇಳಿದ ಕಡೆಗಳಲ್ಲೆಲ್ಲ ಫಿಜಿಯೋದವರು ಸಿಕ್ಕರು, ಪಾಪ ಅವರಿಗೂ ಕೈತುಂಬ ಕೆಲಸ. ಕಾಲು ನಡೆಸುವವರು ಇದ್ದಾರೆ, ಕೈಗೆ ಕೆಲಸ ಕಲಿಸುವವರು ಒಬ್ಬರೂ ಸಿಗಲಿಲ್ಲ. ಎರಡೂ ಒಂದೇ ಅಂತ ಮೇಲಿನವರು ತಿಳಿದುಕೊಂಡಿರಬೇಕು.

ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಅನ್ನುವವರು ಈ ವಿದ್ಯೆ ಕಲಿಸುವ ಶಾಲೆಯನ್ನು 1950ರಲ್ಲೇ ಶುರು ಮಾಡಿದ್ದರಂತೆ. ಇಳಕಲ್ ಸೀರೆ ಯಾವ ಕಾಲದಿಂದಲೋ ಮಹಾರಾಷ್ಟ್ರಕ್ಕೆ ಹೋಗುತ್ತಿದೆ. ಅಲ್ಲಿಂದ ಇದು ಮಾತ್ರ ಇಲ್ಲಿಗೆ ಬರಲಿಲ್ಲ ನೋಡಿ. ನಮ್ಮ ಹುಡುಗಿಯರು ನರ್ಸಿಂಗ್ ಓದುತ್ತಾರೆ, ಫಿಜಿಯೋ ಓದುತ್ತಾರೆ. ಹೀಗೊಂದು ಡಿಗ್ರಿ ಇದೆ ಅಂತ ಪಿಯುಸಿ ಸೈನ್ಸ್ ಮುಗಿಸಿದವರಿಗೆ ಹೇಳುವವರೇ ಇಲ್ಲ.

ಒಂದು ಶಿಬಿರದ ವಿಷಯ ಹೇಳಲೇಬೇಕು. ಸಾಧನ ಸಲಕರಣೆ ಹಂಚುವುದು, ಸ್ಟೇಜು, ಶಾಲು, ಫೋಟೋ. ಪಕ್ಕದ ಹಳ್ಳಿಯ ಆರು ವರ್ಷದ ಹುಡುಗಿಗೆ ಗಾಲಿಕುರ್ಚಿ ಕೊಟ್ಟರು. ದೊಡ್ಡವರ ಸೈಜು. ಕೂರಿಸಿದರೆ ಒಂದು ಕಡೆ ಜಾರಿ ಬೀಳುತ್ತಾಳೆ. ಅಳತೆ ತೆಗೆದುಕೊಳ್ಳದೆ ನಾನು ಒಂದು ಜಂಪರ್ ಹೊಲಿದು ಕೊಟ್ಟರೆ ಜನ ಮುಖಕ್ಕೆ ಎಸೆಯುತ್ತಾರೆ. ಆ ಕುರ್ಚಿಯ ಮೇಲೆ ಈಗ ಜೋಳದ ಚೀಲ ಕೂತಿದೆ. ಮಗುವಿನ ಸೊಂಟ, ಬೆನ್ನು, ಪಾದ ಎಲ್ಲಿ ಊರಬೇಕು ಅಂತ ಅಳೆದು ಹೇಳುವುದೂ ಓಟಿಯವರ ಕೆಲಸವೇ.

ಇದು ಸಣ್ಣ ಮಕ್ಕಳದಷ್ಟೇ ಅಲ್ಲ. ನಮ್ಮ ಓಣಿಯಲ್ಲಿ ಹದಿನಾರು ವರ್ಷದ ಹುಡುಗಿ ಇದ್ದಾಳೆ, ತಿಳಿವಳಿಕೆ ಸ್ವಲ್ಪ ನಿಧಾನ. ಮುಟ್ಟಿನ ದಿನಗಳಲ್ಲಿ ಅವಳ ತಾಯಿ ಕೂಲಿ ಬಿಟ್ಟು ಮನೆಯಲ್ಲಿರುತ್ತಾಳೆ. ಪ್ಯಾಡ್ ಬದಲಿಸುವುದನ್ನು ಒಂದೊಂದೇ ಹೆಜ್ಜೆ ಚಿತ್ರ ಮಾಡಿ ಬಚ್ಚಲ ಗೋಡೆಗೆ ಅಂಟಿಸಿ ಕಲಿಸಬಹುದು ಅಂತ ನಾನು ಹುಬ್ಬಳ್ಳಿಯಲ್ಲಿ ಕೇಳಿಕೊಂಡು ಬಂದು ಹೇಳಿದೆ. ಅಂಗಡಿಗೆ ಹೋಗಿ ಚಿಲ್ಲರೆ ಎಣಿಸುವುದು, ಬಸ್ ಹತ್ತುವುದು, ಗಡ್ಡ ಬಂದ ಹುಡುಗ ತಾನೇ ಬೋಳಿಸಿಕೊಳ್ಳುವುದು, ಎಲ್ಲವನ್ನೂ ಕಲಿಸುವ ಕ್ರಮವಿದೆ. ನಮ್ಮಲ್ಲಿ ಕರುಣೆಗೆ ಬರವಿಲ್ಲ, ಪಾಪ ಅಂತ ಎಲ್ಲರೂ ತಾವೇ ಮಾಡಿಕೊಡುತ್ತಾರೆ. ನಾನೂ ಹಾಗೇ ಮಾಡಿದವಳು.

ಹಾಗಾಗಿ ಜಿಲ್ಲೆಯ ಅಧಿಕಾರಿಗಳಿಗೆ ನಿಮ್ಮ ಪತ್ರಿಕೆ ಮೂಲಕ ಕೇಳುವುದು ಇಷ್ಟೇ. ತಾಲೂಕಿಗೊಬ್ಬ ಓಟಿ ಕೊಡಿ ಅಂದರೆ ಹುದ್ದೆ ಮಂಜೂರಾಗಬೇಕು ಅನ್ನುತ್ತೀರಿ, ಗೊತ್ತು. ಜಿಲ್ಲೆಗೆ ಒಬ್ಬರನ್ನೋ ಇಬ್ಬರನ್ನೋ ಗುತ್ತಿಗೆ ಮೇಲಾದರೂ ತಂದು, ವಾರಕ್ಕೊಂದು ದಿನ ಒಂದೊಂದು ಬಿಆರ್‌ಸಿಗೆ ಕಳಿಸಿ. ಆ ದಿನ ಬಿಐಇಆರ್‌ಟಿ ಶಿಕ್ಷಕರೂ ತಾಯಂದಿರೂ ಪಕ್ಕದಲ್ಲಿ ಕೂತು ಕಲಿಯಲಿ, ಉಳಿದ ಆರು ದಿನ ನಾವೇ ಮಾಡುತ್ತೇವೆ. ಪಾಸಿನ 100 ಕಿಲೋಮೀಟರ್ ಮಿತಿಯನ್ನು ಚಿಕಿತ್ಸೆಗೆ ಹೋಗುವ ಮಕ್ಕಳಿಗೆ ಸಡಿಲಿಸಿ.

ಶಾಲೆಯವರಿಗೆ ಹೇಳುವುದಕ್ಕೆ ಯಾವ ಮಂಜೂರಾತಿಯೂ ಬೇಡ. ಕಾಲು ಜೋತಾಡುವ ಮಗುವಿನ ಪಾದದ ಕೆಳಗೆ ಒಂದು ಹಲಗೆ ಇಡಿ. ಪುಸ್ತಕ ಜಾರಿದರೆ ಹಳೆಯ ಸೈಕಲ್ ಟ್ಯೂಬ್ ಸೀಳಿ ಕೆಳಗೆ ಹಾಸಿ, ನನ್ನ ಮಗನಿಗೆ ಹಾಗೇ ಮಾಡಿದ್ದೇವೆ, ಖರ್ಚು ಸೊನ್ನೆ. ಬೋರ್ಡಿನ ಮೇಲಿನದನ್ನೆಲ್ಲ ಇಳಿಸಿಕೊಳ್ಳಲೇಬೇಕು ಅಂತ ಹಟ ಬೇಡ, ಅರ್ಧ ಬರೆದು ಉಳಿದದ್ದು ಬಾಯಲ್ಲಿ ಹೇಳಿದರೆ ಆಗದೇ? ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೇ ಹೆಚ್ಚುವರಿ ಸಮಯ ಕೊಡುತ್ತಾರೆ, ಮೂರನೇ ಕ್ಲಾಸಿಗೆ ಯಾಕೆ ಬಿಗಿ?

ಇನ್ನು ನನ್ನ ಹಾಗೆ ಓಡಾಡುತ್ತಿರುವ ತಾಯಂದಿರಿಗೆ ಒಂದು ಮಾತು. ಅಂಗವಿಕಲರ ಗುರುತಿನ ಚೀಟಿ, ಅದೇ ಯುಡಿಐಡಿ ಕಾರ್ಡ್ ಮಾಡಿಸಿದ್ದರೆ ನಿರಾಮಯ ಅನ್ನುವ ಆರೋಗ್ಯ ವಿಮೆಗೆ ಅರ್ಜಿ ಹಾಕಿ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹು ಅಂಗವಿಕಲತೆ ಇರುವವರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ ಇದೆ, ಥೆರಪಿ ಖರ್ಚೂ ಅದರಲ್ಲಿ ಬರುತ್ತದೆ. ಬಿಲ್ಲುಗಳನ್ನು ಎತ್ತಿಡಿ. ನಾನು ಮೊದಲ ವರ್ಷದವುಗಳನ್ನು ಗೊತ್ತಿಲ್ಲದೆ ಒಲೆಗೆ ಹಾಕಿದೆ.

ಮಗನ ಅಂಗಿಯ ಮೇಲಿನ ಎರಡು ಗುಂಡಿ ಇನ್ನೂ ನಾನೇ ಹಾಕುತ್ತೇನೆ, ಉಳಿದ ಮೂರು ಅವನೇ. ಹನ್ನೊಂದು ನಿಮಿಷ ಹಿಡಿಯುತ್ತದೆ, ಗಡಿಯಾರ ನೋಡಿಕೊಂಡು ಹೇಳುತ್ತಿದ್ದೇನೆ. ಹೆಸರು ಹಾಕಬೇಡಿ, ಅವನು ಪೇಪರ್ ಓದುತ್ತಾನೆ. ಅಧಿಕಾರಿಗಳು ದಿನ ಗೊತ್ತು ಮಾಡುವುದಾದರೆ ವಾರದಲ್ಲಿ ಯಾವುದಾದರೂ ನಡೆಯುತ್ತದೆ, ಹತ್ತು ಗಂಟೆಯ ಮೇಲೆ ಇಡಿ, ಹಳ್ಳಿಯ ಬಸ್ಸುಗಳು ಅಷ್ಟೊತ್ತಿಗೆ ಬರುತ್ತವೆ.

ಇಂತಿ,
ಒಬ್ಬ ತಾಯಿ
ಇಳಕಲ್, ಬಾಗಲಕೋಟೆ ಜಿಲ್ಲೆ